ತೆನೆ ಹಬ್ಬ, ತಾಯ್ನುಡಿ, ಹೆಸರು: ಬೆಂಗಳೂರಿನ ಹೊರವಲಯದ ಧರ್ಮಕೇಂದ್ರಗಳಿಗೆ ಒಂದು ಪರಿಚಯ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ಕರಾವಳಿಯ ಕಥೊಲಿಕರಾದ ನಮಗೆ ಅದೇ ಮೊಂತಿ ಫೆಸ್ತ್, ಅದೇ ತೆನೆ ಹಬ್ಬ, ಅದೇ ಹೊಸ ಅಕ್ಕಿ ಊಟ. ಇಂದು ಮಂಗಳೂರು, ಉಡುಪಿ ಮತ್ತು ಕಾರವಾರ ಧರ್ಮಪ್ರಾಂತ್ಯಗಳ ಅನೇಕ ಕುಟುಂಬಗಳು ಕೆಲಸದ ನಿಮಿತ್ತ ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮುಂತಾದ ಹೊರವಲಯಗಳಲ್ಲಿ ನೆಲೆಸಿವೆ. ಅಲ್ಲಿ ಅವರ ಪಕ್ಕದ ಮನೆಯಲ್ಲಿ ತಮಿಳರು, ಎದುರು ಮನೆಯಲ್ಲಿ ಮಲಯಾಳಿಗಳು, ಕಾರ್ಖಾನೆಯಲ್ಲಿ ಜೊತೆಗೆ ದುಡಿಯುವವರು ಜಾರ್ಖಂಡ್, ಒಡಿಶಾ, ಮೇಘಾಲಯದವರು. ಭಾನುವಾರದ ಬಲಿಪೂಜೆಯಲ್ಲಿ ಇವರೆಲ್ಲ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಆದರೆ ಒಬ್ಬರ ಹಬ್ಬ ಇನ್ನೊಬ್ಬರಿಗೆ ಗೊತ್ತಿಲ್ಲ, ಒಬ್ಬರ ಹೆಸರು ಇನ್ನೊಬ್ಬರ ಬಾಯಿಗೆ ಬರುವುದಿಲ್ಲ.

ಹೆಸರಿನ ಈ ತೊಡಕು ಕೇವಲ ಮಾತಿನ ವಿಷಯವಲ್ಲ. ದೀಕ್ಷಾಸ್ನಾನದ ದಾಖಲೆಯಲ್ಲಿ, ವಿವಾಹದ ಕಾಗದಪತ್ರಗಳಲ್ಲಿ, ಶಾಲೆಯ ಪ್ರವೇಶದಲ್ಲಿ ಅದು ಕುಟುಂಬಗಳನ್ನು ಕಾಡುತ್ತದೆ. ಆದ್ದರಿಂದ ಸುಗ್ಗಿಯ ಹಬ್ಬಗಳು, ಅವುಗಳ ಭಾಷೆ ಮತ್ತು ಹೆಸರಿಡುವ ಪದ್ಧತಿಗಳನ್ನು ಕುರಿತ ಈ ಮಾಹಿತಿಯನ್ನು ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವವರ ಮತ್ತು ನಮ್ಮ ಓದುಗರ ಅನುಕೂಲಕ್ಕಾಗಿ ಇಲ್ಲಿ ನೀಡುತ್ತಿದ್ದೇವೆ.

ಹೊಲವಾಗಿದ್ದ ಊರುಗಳು

ಇಂದು ಗಾಜಿನ ಕಟ್ಟಡಗಳಿರುವ ಈ ಪ್ರದೇಶಗಳು ಮೊನ್ನೆ ಮೊನ್ನೆಯವರೆಗೆ ರಾಗಿ ಬೆಳೆಯುವ ಹಳ್ಳಿಗಳಾಗಿದ್ದವು. ವೈಟ್‌ಫೀಲ್ಡ್ ಹುಟ್ಟಿದ್ದೇ ಬೇಸಾಯಕ್ಕಾಗಿ. 1882ರಲ್ಲಿ ಮೈಸೂರು ಮಹಾರಾಜ ಹತ್ತನೇ ಚಾಮರಾಜ ಒಡೆಯರ್ ಅವರು ಆಂಗ್ಲೋ ಇಂಡಿಯನ್ ಸಮುದಾಯಕ್ಕೆ ಭೂಮಿ ನೀಡಿದರು. ಆ ಸಮುದಾಯದ ನಾಯಕ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ತಮ್ಮವರು ಸರಕಾರಿ ನೌಕರಿಯನ್ನೇ ನಂಬಿಕೊಳ್ಳದೆ ಉತ್ತು ಬಿತ್ತಿ ಸ್ವತಂತ್ರವಾಗಿ ಬಾಳಲಿ ಎಂಬುದು ಅವರ ಆಸೆಯಾಗಿತ್ತು.

ಎಲೆಕ್ಟ್ರಾನಿಕ್ ಸಿಟಿಯ ಕಥೆಯೂ ಇದೇ ಬಗೆಯದು. 1976ರಲ್ಲಿ ಸ್ಥಾಪನೆಯಾದ ಕಿಯೋನಿಕ್ಸ್ ಸಂಸ್ಥೆ, ಅದರ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗಾ ಅವರ ಕನಸಿನಂತೆ, 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೊಗೂರು ಗ್ರಾಮಗಳ ಸುಮಾರು 332 ಎಕರೆಯಲ್ಲಿ ಇದನ್ನು ಆರಂಭಿಸಿತು. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದದ್ದೂ 1970ರ ದಶಕದಿಂದ ಈಚೆಗೆ. ಊರುಗಳ ಹೆಸರಲ್ಲಿ ಮಾತ್ರ ಹಳೆಯ ಬೇಸಾಯ ಉಳಿದಿದೆ. ಬೊಮ್ಮಸಂದ್ರ, ಸಿಂಗಸಂದ್ರಗಳ ‘ಸಂದ್ರ’ ಎಂದರೆ ಸಮುದ್ರ, ಅಂದರೆ ಊರ ಕೆರೆ. ‘ಅಗ್ರಹಾರ’ ಎಂದರೆ ಬೆಳೆಯ ಆದಾಯದಿಂದ ಬದುಕಲೆಂದು ಬ್ರಾಹ್ಮಣರಿಗೆ ದತ್ತಿಯಾಗಿ ಬಿಟ್ಟ ಊರು. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರಿನಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಸಿಕ್ಕಿದೆ.

ಹೀಗೆ ಹೊಲವಿಲ್ಲದ ಊರಿನಲ್ಲಿ ಇಂದು ಸುಗ್ಗಿ ಹಬ್ಬಗಳು ನಡೆಯುತ್ತಿವೆ. ಬೆಳೆ ಎಲ್ಲೋ ದೂರದ ಊರಿನಲ್ಲಿ, ಹಬ್ಬ ಮಾತ್ರ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ. ಊರಿನಿಂದ ರಾತ್ರಿ ಬಸ್ಸಿನಲ್ಲಿ ತೆನೆ ತರಿಸಿಕೊಂಡು ಮರುದಿನ ಚರ್ಚಿಗೆ ಒಯ್ಯುವ ಕುಟುಂಬಗಳನ್ನು ನಾವು ಬಲ್ಲೆವು.

ಹಬ್ಬಗಳು ಒಂದೇ ದಿನ ಏಕಿಲ್ಲ?

ಸುಗ್ಗಿ ಹಬ್ಬ ಎಲ್ಲರಿಗೂ ಒಂದೇ ಆಗಿದ್ದರೆ ದಿನ ಏಕೆ ಬೇರೆ ಬೇರೆ ಎಂದು ಮಕ್ಕಳು ಕೇಳುವುದುಂಟು. ಉತ್ತರ ಮಳೆಯಲ್ಲಿದೆ. ಎಲ್ಲಿ ಯಾವಾಗ ಮಳೆ ಬಂದು ಯಾವ ಬೆಳೆ ಕೈಸೇರುತ್ತದೋ ಅಲ್ಲಿ ಆಗ ಹಬ್ಬ.

ಕರಾವಳಿಯಲ್ಲಿ ಜೂನ್ ಮಳೆಗೆ ನಾಟಿಯಾದ ಏಣೆಲು ಭತ್ತ ಸೆಪ್ಟೆಂಬರ್ ಹೊತ್ತಿಗೆ ತೆನೆ ಬಿಡುತ್ತದೆ. ಆದ್ದರಿಂದ ತೆನೆ ಹಬ್ಬ ಸೆಪ್ಟೆಂಬರಿನಲ್ಲಿ. ಕೇರಳದ ಮೊದಲ ಬೆಳೆಯೂ ಅದೇ ಸುಮಾರಿಗೆ ಕೊಯ್ಲಿಗೆ ಬರುವುದರಿಂದ ಚಿಂಗಂ ತಿಂಗಳಲ್ಲಿ ಓಣಂ. ತಮಿಳುನಾಡಿನಲ್ಲಿ ಈಶಾನ್ಯ ಮಾರುತದ ಮಳೆ ಮುಖ್ಯ. ಅಲ್ಲಿಯ ಸಾಂಬಾ ಭತ್ತ ಕೊಯ್ಲಾಗುವುದು ಜನವರಿಯ ಆಸುಪಾಸಿನಲ್ಲಿ, ಆದ್ದರಿಂದ ಪೊಂಗಲ್. ಬೆಂಗಳೂರಿನ ಸುತ್ತಲ ಬಯಲುಸೀಮೆಯಲ್ಲಿ ಸೆಪ್ಟೆಂಬರ್ 8ರಂದು ರಾಗಿ ಇನ್ನೂ ಹಸಿರಾಗಿಯೇ ಇರುತ್ತದೆ. ಅದು ಕೊಯ್ಲಾಗಿ, ಮೆದೆಯಾಗಿ, ಕಣದಲ್ಲಿ ರಾಶಿಯಾಗುವಾಗ ಸಂಕ್ರಾಂತಿ ಬಂದಿರುತ್ತದೆ.

‘ಸುಗ್ಗಿ’ ಎಂಬ ಪದವೇ ಇದಕ್ಕೆ ಸಾಕ್ಷಿ. ಬಯಲುಸೀಮೆಯವರಿಗೆ ಸುಗ್ಗಿ ಎಂದರೆ ಕೊಯ್ಲಿನ ಕಾಲ. ತುಳುನಾಡಿನ ರೈತನಿಗೆ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಲ್ಲಿ ಎರಡನೆಯದರ ಹೆಸರು ಸುಗ್ಗಿ. ಒಂದೇ ಕನ್ನಡ ಪದ, ಘಟ್ಟ ಇಳಿದರೆ ಅರ್ಥ ಬೇರೆ.

ವರ್ಷದ ಹಬ್ಬಗಳು ಒಂದು ನೋಟದಲ್ಲಿ

ಜನವರಿ: 14 ಅಥವಾ 15ರಂದು ಸಂಕ್ರಾಂತಿ ಮತ್ತು ಪೊಂಗಲ್. ಹಳೆ ಮೈಸೂರು ಭಾಗದವರು ಎಳ್ಳು ಬೆಲ್ಲ ಹಂಚಿ, ಸಂಜೆ ದನಗಳನ್ನು ಕಿಚ್ಚು ಹಾಯಿಸುತ್ತಾರೆ. ತಮಿಳು ಧರ್ಮಕೇಂದ್ರಗಳಲ್ಲಿ ಅನೇಕ ಕಡೆ ಚರ್ಚಿನ ಅಂಗಳದಲ್ಲೇ ಹೊಸ ಅಕ್ಕಿಯ ಪೊಂಗಲ್ ಉಕ್ಕಿಸುತ್ತಾರೆ. ಅಸ್ಸಾಮಿನವರಿಗೆ ಇದೇ ಸಮಯ ಮಾಘ ಬಿಹು, ಪಂಜಾಬಿಗಳಿಗೆ ಹಿಂದಿನ ದಿನ ಲೋಹ್ರಿ.

ಏಪ್ರಿಲ್: ಪಂಜಾಬಿನ ಗೋಧಿಯ ಬೈಸಾಖಿ, ಕೇರಳದ ವಿಷು, ಅಸ್ಸಾಮಿನ ಹೊಸ ವರ್ಷದ ಬಿಹು, ಮೂರೂ ತಿಂಗಳ ಮಧ್ಯದಲ್ಲಿ ಬರುತ್ತವೆ.

ಆಗಸ್ಟ್ - ಸೆಪ್ಟೆಂಬರ್: ಓಣಂ, ತೆನೆ ಹಬ್ಬ ಮತ್ತು ಪಶ್ಚಿಮ ಒಡಿಶಾದ ನುವಾಖಾಯ್. ನುವಾಖಾಯ್ ಸಾಮಾನ್ಯವಾಗಿ ಗಣೇಶ ಚೌತಿಯ ಮರುದಿನ. ಅಂದು ಕಿರಿಯರು ಹಿರಿಯರಿಗೆ ‘ಜುಹಾರ್’ ಎಂದು ನಮಸ್ಕರಿಸುತ್ತಾರೆ.

ಅಕ್ಟೋಬರ್ - ನವೆಂಬರ್: ಮೇಘಾಲಯದ ಗಾರೊ ಜನರ ವಾಂಗಾಲಾ. ಬೆಳೆ ಮನೆ ಸೇರಿದ ಮೇಲೆ ಉದ್ದನೆಯ ಡೋಲುಗಳನ್ನು ಬಾರಿಸಿ ಕುಣಿಯುವ ಹಬ್ಬ ಇದು.

ನವೆಂಬರ್ - ಡಿಸೆಂಬರ್: ಕೊಡಗಿನ ಪುತ್ತರಿ, ಅಂದರೆ ಹುತ್ತರಿ.

ಡಿಸೆಂಬರ್ - ಜನವರಿ: ಉತ್ತರ ಕರ್ನಾಟಕದ ಎಳ್ಳ ಅಮಾವಾಸ್ಯೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಉತ್ತರ ಕರ್ನಾಟಕದ ಕಾರ್ಮಿಕರು ಊರಿಗೆ ಹೋಗಲು ಹಂಬಲಿಸುವ ದಿನಗಳಲ್ಲಿ ಇದೂ ಒಂದು.

ಇವಲ್ಲದೆ ಸಿಎಸ್‌ಐ ಮೊದಲಾದ ಪ್ರೊಟೆಸ್ಟೆಂಟ್ ಸಭೆಗಳು ತಮ್ಮದೇ ಸುಗ್ಗಿ ಹಬ್ಬವನ್ನು ಆಚರಿಸುತ್ತವೆ. ಜನರು ತಂದ ತೆಂಗಿನಕಾಯಿ, ತರಕಾರಿ, ಕೋಳಿಗಳನ್ನು ಚರ್ಚಿನ ಎದುರು ಹರಾಜು ಹಾಕುವುದು ಅದರ ವಿಶೇಷ. ಇಂಗ್ಲೆಂಡಿನಲ್ಲಿ ಈ ಬಗೆಯ ಹಬ್ಬಕ್ಕೆ ಹೊಸ ರೂಪ ಬಂದದ್ದು 1843ರಲ್ಲಿ, ಕಾರ್ನ್‌ವಾಲ್ ಪ್ರಾಂತ್ಯದ ಮೋರ್ವೆನ್‌ಸ್ಟೋ ಎಂಬ ಹಳ್ಳಿಯ ಚರ್ಚಿನಲ್ಲಿ.

ಒಂದೇ ದಿನ, ಎರಡು ಹಬ್ಬ

ಸೆಪ್ಟೆಂಬರ್ 8ರಂದು ಬೆಂಗಳೂರಿನಲ್ಲಿ ಇನ್ನೊಂದು ದೊಡ್ಡ ಹಬ್ಬವೂ ಇದೆ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಆಗಸ್ಟ್ 29ರಂದು ಧ್ವಜಾರೋಹಣವಾಗಿ, ನೊವೆನಾ ನಡೆದು, ಹಬ್ಬದ ಸಂಜೆ ತೇರು ಹೊರಡುತ್ತದೆ. ಹರಕೆ ಹೊತ್ತವರು ಕಾವಿ ಬಣ್ಣದ ಸೀರೆ ಉಡುತ್ತಾರೆ. ವೇಳಾಂಗಣಿಯ ಆರೋಗ್ಯಮಾತೆಯ ಹಬ್ಬವೂ ಅಂದೇ. ತಮಿಳು ಬಾಂಧವರಿಗೆ ಆ ದಿನ ಹರಕೆಯ, ತೇರಿನ ದಿನ.

ನಮಗಾದರೋ ಅದು ಹೊಸ ತೆನೆಯ ದಿನ. ಮಕ್ಕಳು ಒಂಬತ್ತು ದಿನ ಬುಟ್ಟಿಯಲ್ಲಿ ಹೂ ತಂದು ಬಾಲಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದಂದು ಆಶೀರ್ವದಿಸಿದ ತೆನೆಯನ್ನು ಪ್ರತಿ ಮನೆಗೆ ಹಂಚಲಾಗುತ್ತದೆ, ಮಕ್ಕಳಿಗೆ ಕಬ್ಬು ಸಿಗುತ್ತದೆ. ಮನೆಯಲ್ಲಿ ಹಿರಿಯರು ಪ್ರಾರ್ಥನೆ ಹೇಳಿ, ತೆನೆಯ ಕಾಳು ಸುಲಿದು, ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಅಂದು ಮೀನು ಮಾಂಸವಿಲ್ಲ, ತರಕಾರಿಯ ಊಟ. ‘ಮೊಂತಿ’ ಎಂಬುದು ಬೆಟ್ಟ ಎಂಬರ್ಥದ ಪೋರ್ಚುಗೀಸ್ ‘ಮೊಂತೆ’ ಪದದಿಂದ ಬಂದಿದೆ. ಹಬ್ಬದ ಮೂಲವನ್ನು ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿಗೆ ಜೋಡಿಸುವುದು ವಾಡಿಕೆ. ತುಳುನಾಡಿನ ಹಿಂದೂ ಬಾಂಧವರ ಕುರಲ್ ಪರ್ಬ ಮತ್ತು ಹೊಸ ಅಕ್ಕಿ ಊಟವೂ ಇದೇ ಬೆಳೆಯ ಸುತ್ತ ಹೆಣೆದುಕೊಂಡಿವೆ.

ಬೆಂಗಳೂರಿನ ಧರ್ಮಕೇಂದ್ರದಲ್ಲಿ ಈ ಎರಡೂ ಗುಂಪಿನವರಿದ್ದಾಗ ಆ ದಿನ ಯಾರ ಹಬ್ಬ ಎಂಬ ಪ್ರಶ್ನೆ ಬರಬಾರದು. ತೇರಿಗೂ ತೆನೆಗೂ ಒಂದೇ ಅಂಗಳದಲ್ಲಿ ಜಾಗವಿದೆ.

ಹೊಸತು ಎಂಬ ಒಂದೇ ಮಾತು

ಈ ಹಬ್ಬಗಳ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಕೊಂಕಣಿಯಲ್ಲಿ ‘ನೊವೆಂ’ ಎಂದರೆ ಹೊಸತು. ಒಡಿಯಾದ ‘ನುವಾಖಾಯ್’ ಎಂದರೆ ಹೊಸತನ್ನು ತಿನ್ನುವುದು. ಛೋಟಾನಾಗ್ಪುರದವರು ಅದನ್ನೇ ‘ನವಾಖಾನಿ’ ಎನ್ನುತ್ತಾರೆ. ಕೊಡವರ ‘ಪುತ್ತರಿ’ ಎಂದರೆ ಹೊಸ ಅಕ್ಕಿ. ತುಳುವಿನ ‘ಪುದ್ವಾರ್’ನಲ್ಲಿಯೂ ಹೊಸತೆಂಬ ಅರ್ಥವೇ ಇದೆ. ಇತರ ದ್ರಾವಿಡ ಭಾಷೆಗಳ ‘ಪ’ ಕನ್ನಡದಲ್ಲಿ ‘ಹ’ ಆಗುವುದರಿಂದ ತುಳುವಿನ ‘ಪೊಸ’ ನಮಗೆ ‘ಹೊಸ’, ‘ಪುತ್ತರಿ’ ನಮಗೆ ‘ಹುತ್ತರಿ’.

ಇನ್ನೊಂದು ನಂಟು ಹೆಚ್ಚಿನವರಿಗೆ ತಿಳಿದಿಲ್ಲ. ಜಾರ್ಖಂಡ್, ಛತ್ತೀಸ್‌ಗಢ, ಒಡಿಶಾಗಳಿಂದ ಬರುವ ಉರಾಂವ್ ಜನಾಂಗದವರಲ್ಲಿ ಕಥೊಲಿಕರ ಸಂಖ್ಯೆ ದೊಡ್ಡದು. ಅವರ ತಾಯ್ನುಡಿ ಕುಡುಖ್ ದ್ರಾವಿಡ ಭಾಷೆ, ಅಂದರೆ ಕನ್ನಡದ ದೂರದ ಸೋದರಿ. ನಮ್ಮ ಒಂದು, ಮೂರು, ನಾಲ್ಕು ಅವರಲ್ಲಿ ಒಂಟಾ, ಮೂಂದ್, ನಾಖ್. ನಮ್ಮ ‘ಕಣ್ಣು’ ಅವರಲ್ಲಿ ‘ಖನ್ನ್’. ಅವರು ನಮ್ಮೊಡನೆ ಹಿಂದಿಯಲ್ಲಿ ಮಾತನಾಡುವುದರಿಂದ ಅವರನ್ನು ‘ಹಿಂದಿಯವರು’ ಎಂದು ಕರೆದುಬಿಡುತ್ತೇವೆ. ಮನೆಮಾತಿನಲ್ಲಿ ಅವರು ನಮಗೆ ಹತ್ತಿರದವರು.

ನಮ್ಮ ಕೊಂಕಣಿಯ ಸ್ಥಿತಿಯೂ ಯೋಚಿಸುವಂತಿದೆ. ಕನ್ನಡ, ದೇವನಾಗರಿ, ರೋಮನ್, ಮಲಯಾಳಂ ಲಿಪಿಗಳಲ್ಲಿ ಬರೆಯಲಾಗುವ ಈ ಭಾಷೆ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು. ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿ 1994ರಲ್ಲಿ ಆರಂಭವಾಯಿತು. ಕನ್ನಡ ಲಿಪಿಯ ‘ರಾಕ್ಣೊ’ ವಾರಪತ್ರಿಕೆ 1938ರಲ್ಲೇ ಹುಟ್ಟಿದೆ. ಇಷ್ಟಿದ್ದರೂ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ ಮಗು ಮನೆಯಲ್ಲಿ ಇಂಗ್ಲಿಷ್, ಆಟದ ಮೈದಾನದಲ್ಲಿ ಹಿಂದಿ ಆಡುತ್ತದೆ. ಕನ್ನಡ ಶಾಲೆಯ ಒಂದು ವಿಷಯ, ಕೊಂಕಣಿ ಅಜ್ಜಿಯೊಡನೆ ಫೋನಿನಲ್ಲಿ ಮಾತ್ರ. ತೆನೆ ಹಬ್ಬದ ದಿನ ಹಾಡುವ ಕೊಂಕಣಿ ಕೀರ್ತನೆ ಅನೇಕ ಮಕ್ಕಳಿಗೆ ವರ್ಷದಲ್ಲಿ ಸಿಗುವ ಒಂದೇ ಕೊಂಕಣಿ ಪಾಠ. ನೆರೆಯ ಒಡಿಯಾ, ಗಾರೊ, ಕುಡುಖ್ ಮಕ್ಕಳ ಪಾಡೂ ಇದೇ.

ಒಬ್ಬ ಸಂತ, ಹಲವು ಹೆಸರು

ಒಬ್ಬನೇ ಸಂತನ ಹೆಸರು ನಮ್ಮ ಸಮುದಾಯಗಳಲ್ಲಿ ಹೇಗೆ ಬದಲಾಗಿದೆ ಎಂಬುದನ್ನು ನೋಡೋಣ.

ಸಂತ ಪೇತ್ರ: ಕೊಂಕಣಿಯಲ್ಲಿ ಪೆದ್ರು, ಮಲಯಾಳಂನಲ್ಲಿ ಪತ್ರೋಸ್, ತಮಿಳು ಮತ್ತು ಹಳೆ ಮೈಸೂರಿನ ಕನ್ನಡ ಕ್ರೈಸ್ತರಲ್ಲಿ ರಾಯಪ್ಪ.

ಸಂತ ಯೊವಾನ್ನ: ಜುವಾಂವ್, ಯೋಹನ್ನಾನ್, ಅರುಳಪ್ಪ.

ಸಂತ ಜೋಸೆಫ: ಜುಜೆ, ಔಸೇಪ್, ಸೂಸೈ.

ಸಂತ ಪೌಲ: ಕೇರಳದಲ್ಲಿ ಪೌಲೋಸ್, ಈ ಕಡೆ ಚಿನ್ನಪ್ಪ.

ಸಂತ ಇಗ್ನೇಷಿಯಸ್: ಇನಾಸ್, ಇನ್ನಾಸಪ್ಪ. ಸಂತ ಸೆಬಾಸ್ಟಿಯನ್: ಬಸ್ತ್ಯಾಂವ್. ಸಂತ ಫ್ರಾನ್ಸಿಸ್ ಝೇವಿಯರ್: ಚೌರಪ್ಪ.

ರಾಯಪ್ಪ, ಚಿನ್ನಪ್ಪ ಎಂಬ ಹೆಸರು ಕೇಳಿ ಇವರು ಕ್ರೈಸ್ತರೇ ಎಂದು ಕರಾವಳಿಯವರು ಅಚ್ಚರಿಪಡುವುದುಂಟು. ಅವು ನಮ್ಮ ಪೆದ್ರು, ಜುವಾಂವ್‌ಗಳಷ್ಟೇ ಪ್ರೇಷಿತರ ಹೆಸರುಗಳು. ಹೆಸರನ್ನು ನಾಡಿನ ನಾಲಿಗೆಗೆ ಒಗ್ಗಿಸಿಕೊಂಡ ಆ ಹಿರಿಯರು ಇಲ್ಲಿಯ ಮೂಲನಿವಾಸಿ ಕ್ರೈಸ್ತರು. ಅವರ ಧರ್ಮಕೇಂದ್ರಗಳಿಗೆ ನಾವು ಆಮೇಲೆ ಬಂದು ಸೇರಿದವರು ಎಂಬುದನ್ನು ಮರೆಯಬಾರದು.

ಮನೆತನದ ಹೆಸರು: ಯಾರಲ್ಲಿ ಹೇಗೆ?

ಕರಾವಳಿಯ ಕೊಂಕಣಿ ಕಥೊಲಿಕರು: ಡಿಸೋಜ, ಪಿಂಟೊ, ಲೋಬೊ ಮುಂತಾದ ಉಪನಾಮಗಳು ಗೋವೆಯಲ್ಲಿ ಪೂರ್ವಜರು ಕ್ರೈಸ್ತರಾದಾಗ ಬಂದ ಪೋರ್ಚುಗೀಸ್ ಹೆಸರುಗಳು. ಮನೆಮಾತಿನಲ್ಲಿ ಅವು ಸೋಜ್, ಪಿಂತ್, ಲೋಬ್ ಆಗುತ್ತವೆ. ಪ್ರಭು, ಕಾಮತ್, ಶೆಣೈ ಮುಂತಾದ ಹಿಂದಿನ ಮನೆತನದ ಹೆಸರನ್ನೂ ನೆನಪಿಟ್ಟುಕೊಂಡ ಕುಟುಂಬಗಳಿವೆ. ಮೊದಲ ಮಗುವಿಗೆ ತಂದೆಯ ಕಡೆಯ ಅಜ್ಜ ಅಥವಾ ಅಜ್ಜಿಯ ಹೆಸರು, ಮುಂದಿನದಕ್ಕೆ ತಾಯಿಯ ಕಡೆಯವರ ಹೆಸರು ಇಡುವುದು ಹಳೆಯ ರೂಢಿ.

ಕೇರಳದ ಸಂತ ತೋಮರ ಕ್ರೈಸ್ತರು: ಇವರಲ್ಲಿಯೂ ಅಜ್ಜ ಅಜ್ಜಿಯರ ಹೆಸರಿಡುವ ಕ್ರಮವಿದೆ. ಮನೆಹೆಸರು ಮತ್ತು ತಂದೆಯ ಹೆಸರು ಜೊತೆಗೆ ಬರುತ್ತವೆ. ವರ್ಗೀಸ್, ಚಾಕೊ, ಮತ್ತಾಯಿ ಎಂಬುವು ಜಾರ್ಜ್, ಯಾಕೋಬ, ಮತ್ತಾಯ ಎಂಬ ಹೆಸರುಗಳ ಮಲಯಾಳಂ ರೂಪಗಳು. ಒಬ್ಬರ ಕೊನೆಯ ಹೆಸರು ವರ್ಗೀಸ್ ಆಗಿದ್ದರೆ ಅದು ಬಹುತೇಕ ತಂದೆಯ ಹೆಸರು, ಕುಟುಂಬದ ಹೆಸರಲ್ಲ. ದೀಕ್ಷಾಸ್ನಾನದ ಹೆಸರು ಒಂದು, ಜಿಜೋ, ಸಿಜೋ, ಲಿಜಿ ಎಂಬ ಕರೆಯುವ ಹೆಸರು ಇನ್ನೊಂದು ಇರುವುದು ಸಾಮಾನ್ಯ.

ತಮಿಳರು: ಉಪನಾಮವಿಲ್ಲ. ತಂದೆಯ ಹೆಸರಿನ ಮೊದಲ ಅಕ್ಷರ ಮುಂದೆ ಬರುತ್ತದೆ. ಮದುವೆಯ ನಂತರ ಹೆಣ್ಣುಮಗಳ ಆ ಅಕ್ಷರ ಗಂಡನ ಹೆಸರಿಗೆ ತಕ್ಕಂತೆ ಬದಲಾಗುವುದುಂಟು.

ಕನ್ನಡಿಗರು: ಹಳೆ ಮೈಸೂರಿನಲ್ಲಿ ಊರು ಮತ್ತು ತಂದೆಯ ಹೆಸರು ಮುಂದೆ ಬರುತ್ತವೆ. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ‘ಎಚ್’ ಹರದನಹಳ್ಳಿ, ‘ಡಿ’ ತಂದೆ ದೊಡ್ಡೇಗೌಡರು. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಕೊನೆಯಲ್ಲಿ, ಅದೂ ಕಸುಬು ಅಥವಾ ಬೆಳೆಯ ಹೆಸರು: ಬಡಿಗೇರ, ಕುಂಬಾರ, ಬೆಲ್ಲದ, ಅಕ್ಕಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ಸಾಗರದ ಕಥೊಲಿಕ ಸಾಹಿತಿ ನಾರ್ಬರ್ಟ್ ಡಿಸೋಜ ಅವರು (1937–2025) ಕನ್ನಡ ಲೇಖಕರ ಕ್ರಮದಂತೆ ನಾ. ಡಿಸೋಜ ಎಂದೇ ಬರೆದರು, ಹಾಗೆಯೇ ನಾಡಿಗೆ ಪರಿಚಿತರಾದರು.

ತೆಲುಗರು: ಮನೆತನದ ಹೆಸರು ಮೊದಲಿಗೆ. ಪಿ.ವಿ. ನರಸಿಂಹ ರಾವ್ ಅವರ ‘ಪಿ’ ಪಾಮುಲಪರ್ತಿ ಎಂಬ ಮನೆಹೆಸರು.

ಉರಾಂವ್ ಜನರು: ಟೊಪ್ಪೊ, ಲಕ್ಡಾ, ಮಿಂಜ್, ಎಕ್ಕಾ, ತಿರ್ಕಿ ಎಂಬುವು ಗೋತ್ರದ ಹೆಸರುಗಳು. ಪ್ರತಿಯೊಂದೂ ಒಂದು ಪ್ರಾಣಿ, ಪಕ್ಷಿ, ಮೀನು ಅಥವಾ ಗಿಡಕ್ಕೆ ಸಂಬಂಧಿಸಿದ್ದು. ‘ಖೆಸ್’ ಎಂಬ ಗೋತ್ರದ ಅರ್ಥ ಭತ್ತ! ಒಂದೇ ಗೋತ್ರದೊಳಗೆ ಮದುವೆ ಇಲ್ಲ. ರಾಂಚಿಯ ಮಹಾಧರ್ಮಾಧ್ಯಕ್ಷರಾಗಿದ್ದು 2003ರಲ್ಲಿ ಕಾರ್ಡಿನಲ್ ಆದ, 2023ರಲ್ಲಿ ನಿಧನರಾದ ಟೆಲೆಸ್ಫೋರ್ ಟೊಪ್ಪೊ ಅವರು ಈ ಸಮುದಾಯದವರು.

ಗಾರೊ ಮತ್ತು ಖಾಸಿ ಜನರು: ಇವರಲ್ಲಿ ವಂಶ ತಾಯಿಯ ಕಡೆಯಿಂದ. ತಂದೆ ಮರಾಕ್, ತಾಯಿ ಸಂಗ್ಮಾ ಆಗಿದ್ದರೆ ಮಗು ಸಂಗ್ಮಾ. ಹಿಂದೆ ಅಳಿಯಕಟ್ಟು ಇದ್ದ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಿಜೊ ಜನರು: ಕುಟುಂಬದ ಹೆಸರೇ ಇಲ್ಲ. ಗಂಡಸರ ಹೆಸರು ‘ಆ’ ಎಂದೂ ಹೆಂಗಸರ ಹೆಸರು ‘ಈ’ ಎಂದೂ ಮುಗಿಯುವುದು ಸಾಮಾನ್ಯ ಕ್ರಮ.

ಹೊರದೇಶಗಳಲ್ಲೂ ಒಂದೇ ಪದ್ಧತಿಯಿಲ್ಲ. ಸ್ಪೇನಿನವರು ಸಾಮಾನ್ಯವಾಗಿ ತಂದೆಯ ಉಪನಾಮ ಮೊದಲು, ತಾಯಿಯದು ಆಮೇಲೆ ಬರೆಯುತ್ತಾರೆ. ಪೋರ್ಚುಗೀಸರ ರೂಢಿ ಇದಕ್ಕೆ ತಿರುಗಾಮುರುಗಾ.

ಅರ್ಜಿ ನಮೂನೆಯ ಕಾಟ

ಇಷ್ಟೊಂದು ಪದ್ಧತಿಗಳ ಜನ ಒಂದೇ ಕಚೇರಿಯಲ್ಲಿ ದುಡಿಯುತ್ತಾರೆ. ಆದರೆ ಕಂಪ್ಯೂಟರಿನ ಅರ್ಜಿ ನಮೂನೆ ಕೇಳುವುದು ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡೇ ಖಾನೆ. ಒಂದೇ ಹೆಸರಿರುವ ತಮಿಳು ಯುವಕ ಕೊನೆಯ ಖಾನೆಗೆ ತಂದೆಯ ಹೆಸರು ತುಂಬುತ್ತಾನೆ. ಸಹೋದ್ಯೋಗಿಗಳು ಅವನನ್ನು ಅಪ್ಪನ ಹೆಸರಿನಿಂದ ಕರೆಯತೊಡಗುತ್ತಾರೆ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದರೆ ಅಮೆರಿಕದ ವೀಸಾದಲ್ಲಿ ‘ಮೊದಲ ಹೆಸರು ತಿಳಿಯದು’ ಎಂಬರ್ಥದ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬೀಳುತ್ತದೆ. ಸಾಫ್ಟ್‌ವೇರ್ ಕೆಲಸಕ್ಕೆ ಹೊರದೇಶಕ್ಕೆ ಹೋದವರು ಈ ಮೂರಕ್ಷರವನ್ನು ಚೆನ್ನಾಗಿ ಬಲ್ಲರು.

ಜನನ ಪ್ರಮಾಣಪತ್ರದ ಮಹತ್ವವೂ ಈಗ ಹೆಚ್ಚಿದೆ. ಜನನ ಮರಣ ನೋಂದಣಿ ಕಾಯಿದೆಯ 2023ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅಂದಿನಿಂದ ಹುಟ್ಟಿದವರಿಗೆ ಶಾಲಾ ಪ್ರವೇಶ, ಪಾಸ್‌ಪೋರ್ಟ್ ಮುಂತಾದವುಗಳಲ್ಲಿ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಈ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಜನನ ಪ್ರಮಾಣಪತ್ರದ ಹೆಸರು, ದೀಕ್ಷಾಸ್ನಾನದ ಹೆಸರು ಒಂದೇ ರೀತಿ ಇರುವಂತೆ ತಂದೆತಾಯಿ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಧರ್ಮಸಭೆಯ ನಿಯಮ ಏನು ಹೇಳುತ್ತದೆ?

1917ರ ಧರ್ಮಸಭಾ ಸಂಹಿತೆಯಂತೆ (ನಿಯಮ 761) ಮಗುವಿಗೆ ಕ್ರೈಸ್ತ ಹೆಸರು ಇಡಬೇಕಿತ್ತು. ತಂದೆತಾಯಿ ಒಪ್ಪದಿದ್ದರೆ ಗುರುಗಳು ಒಬ್ಬ ಸಂತನ ಹೆಸರನ್ನು ಸೇರಿಸಿ ದಾಖಲಿಸಬೇಕಿತ್ತು. 1983ರ ಸಂಹಿತೆಯ 855ನೇ ನಿಯಮ ಇದನ್ನು ಸಡಿಲಿಸಿತು. ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಇಡದಂತೆ ತಂದೆತಾಯಿ, ಜ್ಞಾನ ತಂದೆತಾಯಿ ಮತ್ತು ಧರ್ಮಕೇಂದ್ರದ ಗುರುಗಳು ನೋಡಿಕೊಂಡರೆ ಸಾಕು. ಆದ್ದರಿಂದ ಪ್ರಕಾಶ್, ವಿನಯ, ಪ್ರೀತಿ ಎಂಬ ಹೆಸರಿಗೂ, ಗಾರೊ ಅಥವಾ ಕುಡುಖ್ ಭಾಷೆಯ ಹೆಸರಿಗೂ ಅಡ್ಡಿಯಿಲ್ಲ.

877ನೇ ನಿಯಮದಂತೆ ದಾಖಲೆಯಲ್ಲಿ ಮಗು, ತಂದೆತಾಯಿ, ಜ್ಞಾನ ತಂದೆತಾಯಿ, ದೀಕ್ಷೆ ನೀಡಿದವರು, ಸಾಕ್ಷಿಗಳಿದ್ದರೆ ಅವರು, ದೀಕ್ಷೆಯ ಸ್ಥಳ ಮತ್ತು ದಿನ, ಹುಟ್ಟಿದ ಸ್ಥಳ ಮತ್ತು ದಿನ ಇರಬೇಕು. ಮುಂದೆ ಆ ವ್ಯಕ್ತಿಯ ದೃಢೀಕರಣ, ವಿವಾಹ ಮುಂತಾದವು ಅದೇ ದಾಖಲೆಯ ಬದಿಯಲ್ಲಿ ಸೇರುತ್ತವೆ (ನಿಯಮ 535). ವಿವಾಹ ಬೇರೆಡೆ ನಡೆದರೆ ಅಲ್ಲಿಯ ಗುರುಗಳು ದೀಕ್ಷೆ ನೀಡಿದ ಧರ್ಮಕೇಂದ್ರಕ್ಕೆ ತಿಳಿಸಬೇಕು (ನಿಯಮ 1122).

ಹೆಸರಿನ ತೊಡಕು ನಿಜವಾಗಿ ಕಚ್ಚುವುದು ಇಲ್ಲಿಯೇ. ಬಂಟ್ವಾಳದ ಕಡೆ ದೀಕ್ಷಾಸ್ನಾನ ಪಡೆದ ಒಬ್ಬ ಹುಡುಗಿಯ ಮದುವೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸುಂದರ್‌ಗಢದ ಹುಡುಗನೊಂದಿಗೆ ಗೊತ್ತಾಗಿದೆ ಎಂದುಕೊಳ್ಳೋಣ. ಹುಡುಗನ ದೀಕ್ಷೆಯ ದಾಖಲೆಯಲ್ಲಿ ಗೋತ್ರದ ಹೆಸರಿದೆ, ಆಧಾರಿನಲ್ಲಿ ಅದರ ಅಕ್ಷರ ಬೇರೆ, ಕಂಪನಿಯ ಗುರುತುಚೀಟಿಯಲ್ಲಿ ತಂದೆಯ ಹೆಸರು. ಮೂರೂ ಒಬ್ಬನದೇ ಎಂದು ಸಾಬೀತು ಮಾಡಲು ಪತ್ರಗಳು ಓಡಾಡಬೇಕು. ಆ ವೇಳೆಗೆ ಮದುವೆಯ ದಿನ ಹತ್ತಿರ ಬಂದಿರುತ್ತದೆ. ಅಕ್ಷರ ತಪ್ಪಾದ ವಿವಾಹ ಸೂಚನೆ ದೂರದ ಧರ್ಮಕೇಂದ್ರದಲ್ಲಿ ಸರಿಯಾದ ಪುಟ ಸೇರದೆ ಉಳಿಯುವ ಸಂಭವವೂ ಇದೆ.

ಸೀರೊ ಮಲಬಾರ್ ಕುಟುಂಬಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. 2015ರಲ್ಲಿ ಮಂಡ್ಯ ಸೀರೊ ಮಲಬಾರ್ ಧರ್ಮಪ್ರಾಂತ್ಯದ ಎಲ್ಲೆ ಬೆಂಗಳೂರಿಗೂ ವಿಸ್ತರಿಸಿತು. ತಂದೆತಾಯಿ ಇಬ್ಬರೂ ಆ ಸಭೆಯವರಾದರೆ, ಲತೀನ್ ಚರ್ಚಿನಲ್ಲಿ ದೀಕ್ಷೆಯಾದರೂ ಮಗು ಅವರ ಸಭೆಗೇ ಸೇರಿದ್ದು (ನಿಯಮ 111). 2016ರ ತಿದ್ದುಪಡಿಯ ನಂತರ ಇದನ್ನೂ ದಾಖಲೆಯಲ್ಲಿ ಬರೆಯಬೇಕು. ಭಾನುವಾರದ ಬಲಿಪೂಜೆಯನ್ನಾದರೋ ಯಾವುದೇ ಕಥೊಲಿಕ ವಿಧಿಯಲ್ಲಿ ಪೂರೈಸಬಹುದು (ನಿಯಮ 1248).

ಧರ್ಮಕೇಂದ್ರಗಳಿಗೆ ಕೆಲವು ಸಲಹೆಗಳು

1. ದೀಕ್ಷಾಸ್ನಾನದ ಅರ್ಜಿಯಲ್ಲಿ ‘ಮೊದಲ ಹೆಸರು, ಕೊನೆಯ ಹೆಸರು’ ಎಂದು ಕೇಳುವ ಬದಲು ‘ಪೂರ್ತಿ ಹೆಸರು, ಜನನ ಪ್ರಮಾಣಪತ್ರದಲ್ಲಿರುವಂತೆ’ ಎಂದು ಕೇಳಿ. ಕುಟುಂಬದ ಹೆಸರು ಇದ್ದರೆ ಯಾವುದು, ತಾಯಿಯ ಕಡೆಯದೋ ತಂದೆಯ ಕಡೆಯದೋ ಎಂದು ಬೇರೆಯಾಗಿ ಬರೆದುಕೊಳ್ಳಿ.

2. ತಂದೆಯ ಮತ್ತು ಮಗುವಿನ ಉಪನಾಮ ಬೇರೆಯಾಗಿದ್ದರೆ ತಪ್ಪೆಂದು ತಿದ್ದಬೇಡಿ. ಮೊದಲು ಅವರ ಪದ್ಧತಿಯನ್ನು ಕೇಳಿ.

3. ಇನಿಷಿಯಲ್‌ಗಳನ್ನು ಬಿಡಿಸಿ ಪೂರ್ತಿಯಾಗಿ ಬರೆಯಿರಿ. ದಾಖಲೆ ಬರೆದ ಮೇಲೆ ತಂದೆತಾಯಿಗೆ ಅಲ್ಲೇ ತೋರಿಸಿ, ಓದಿಸಿ.

4. ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯಿರಿ. ಕಷ್ಟವಾದರೆ ಅವರಿಂದಲೇ ಎರಡು ಸಲ ಹೇಳಿಸಿಕೊಳ್ಳಿ. ಯಾರೂ ಬೇಸರಪಡುವುದಿಲ್ಲ.

5. ತೆನೆ ಹಬ್ಬದಂದು ತೆನೆಯನ್ನು ಕೊಂಕಣಿಯವರಿಗಷ್ಟೇ ಹಂಚಬೇಡಿ. ಜನವರಿಯಲ್ಲಿ ಪೊಂಗಲ್‌ಗೆ, ವಾಂಗಾಲಾಕ್ಕೆ, ನವಾಖಾನಿಗೆ ಆಯಾ ಸಮುದಾಯದವರು ತಮ್ಮ ಕಾಣಿಕೆ ತಂದು ಅರ್ಪಿಸಲು, ತಮ್ಮ ಭಾಷೆಯಲ್ಲಿ ಒಂದು ಕೀರ್ತನೆ ಹಾಡಲು ಅವಕಾಶ ಕೊಡಿ.

6. ಹೊಸದಾಗಿ ಬಂದವರಿಗೆ ಕನ್ನಡ ಕಲಿಸುವ ವಾರದ ತರಗತಿಯನ್ನು ಚರ್ಚಿನ ಸಭಾಂಗಣದಲ್ಲಿ ನಡೆಸಬಹುದು. ನಾವೆಲ್ಲ ಕೂಡಿ ಬಾಳುವ ನಾಡಿನ ಭಾಷೆ ಅದು.

ಪವಿತ್ರ ಬೈಬಲಿನ ಧರ್ಮೋಪದೇಶ ಕಾಂಡದ 26ನೇ ಅಧ್ಯಾಯವನ್ನು ಈ ಹಿನ್ನೆಲೆಯಲ್ಲಿ ಓದಿ ನೋಡಿ. ಬೆಳೆಯ ಪ್ರಥಮ ಫಲವನ್ನು ಬುಟ್ಟಿಯಲ್ಲಿ ತಂದವನು ಸುಮ್ಮನೆ ಇಟ್ಟು ಹೋಗುವಂತಿಲ್ಲ. ತನ್ನ ಪೂರ್ವಜರು ಯಾರು, ಎಲ್ಲಿಂದ ಅಲೆದು ಬಂದವರು ಎಂಬುದನ್ನು ಯಾಜಕನ ಎದುರು ಬಾಯಿಬಿಟ್ಟು ಹೇಳಬೇಕು. ಆಮೇಲಿನ ಹಬ್ಬದ ಸಂತೋಷದಲ್ಲಿ ಅವನ ನಡುವೆ ನೆಲೆಸಿರುವ ಪರಊರಿನವನಿಗೂ ಪಾಲಿದೆ. ಸುಗ್ಗಿಯ ಕಾಣಿಕೆ, ವಂಶದ ಹೆಸರು, ವಲಸೆ ಬಂದವನ ಪಾಲು ಮೂರೂ ಅಲ್ಲಿ ಒಂದೇ ವಿಧಿಯಲ್ಲಿ ಸೇರಿವೆ.

ಬೆಂಗಳೂರಿನ ಹೊರವಲಯದಲ್ಲಿ ನಾವೆಲ್ಲರೂ ಪರಊರಿನವರೇ. ಈ ವರ್ಷ ತೆನೆ ಹಬ್ಬದ ಹೊತ್ತಿಗೆ ಪ್ರತಿ ಕುಟುಂಬವೂ ಚರ್ಚಿನಲ್ಲಿ ತನ್ನ ಬೆಂಚಿನ ಪಕ್ಕದವರ ಪೂರ್ತಿ ಹೆಸರನ್ನೂ, ಅವರ ಊರಿನಲ್ಲಿ ಹೊಸ ಬೆಳೆಯ ಹಬ್ಬ ಯಾವಾಗ ಎಂಬುದನ್ನೂ ಕೇಳಿ ತಿಳಿದುಕೊಳ್ಳಲಿ ಎಂದು ನಾವು ವಿನಂತಿಸುತ್ತೇವೆ. ಧರ್ಮಕೇಂದ್ರದ ಕಚೇರಿಗಳು ತಮ್ಮ ಅರ್ಜಿ ನಮೂನೆಗಳನ್ನು ಆ ಮೊದಲೇ ಒಮ್ಮೆ ಪರಿಶೀಲಿಸಿದರೆ ಮುಂದೆ ಅನೇಕ ಕುಟುಂಬಗಳ ಅಲೆದಾಟ ತಪ್ಪುತ್ತದೆ.